ಟಾಮ್ ವೇಟ್ಸ್ ಹಾಡುಗಾರನಾ, ನಟನಾ? ಎಲ್ಲಿಂದ ಕೇಳೋಕೆ ಶುರು ಮಾಡಲಿ?

ಸಂಜೆಗಾಳಿ

ಕೋಯೆನ್ ಸೋದರರ 'ದ ಬ್ಯಾಲಡ್ ಆಫ್ ಬಸ್ಟರ್ ಸ್ಕ್ರಗ್ಸ್' ನೋಡಿದೆ. 2018ರದ್ದು, ಆರು ಬಿಡಿ ಕಥೆಗಳಿರುವ ಸಿನಿಮಾ. ಅದರಲ್ಲಿ ಚಿನ್ನ ಹುಡುಕುವ ಮುದುಕನ ಕಥೆ ಒಂದಿದೆಯಲ್ಲ, ಅದು ತಲೆಯಿಂದ ಹೋಗ್ತಾನೇ ಇಲ್ಲ. ಒಬ್ಬನೇ ಹಾಡಿಕೊಂಡು ಕಣಿವೆಗೆ ಬರುತ್ತಾನೆ. ಹೊಳೆ ದಂಡೆಯಲ್ಲಿ ಸಾಲಾಗಿ ಗುಂಡಿ ತೋಡುತ್ತಾನೆ, ತಟ್ಟೆಯಲ್ಲಿ ಮಣ್ಣು ಜಾಲಿಸಿ ಉಳಿದ ಚಿನ್ನದ ಚೂರು ಎಣಿಸುತ್ತಾನೆ. ಹೊಟ್ಟೆಗೆ ಬೇಕಲ್ಲ, ಮರ ಹತ್ತಿ ಗೂಬೆಯ ಗೂಡಿಗೆ ಕೈ ಹಾಕುತ್ತಾನೆ. ಆ ಗೂಬೆ ಅಲ್ಲೇ ಕೂತು ನೋಡುತ್ತಿರುತ್ತೆ. ಅದರ ಕಣ್ಣಿಗೆ ಸಿಕ್ಕಿಬಿದ್ದ ತಕ್ಷಣ ನಾಚಿಕೆಯಾಗಿ ಮೊಟ್ಟೆಗಳನ್ನು ವಾಪಸ್ ಇಡುತ್ತಾನೆ. ಎಲ್ಲವನ್ನೂ ಅಲ್ಲ, ಒಂದನ್ನು ಇಟ್ಟುಕೊಂಡೇ ಇಳಿಯುತ್ತಾನೆ. ಹಕ್ಕಿಗೆ ಎಣಿಸೋಕೆ ಎಲ್ಲಿ ಬರುತ್ತೆ ಅನ್ನೋ ಲೆಕ್ಕಾಚಾರ! ಹೆಚ್ಚುಕಡಿಮೆ ಇಡೀ ಕಥೆಯನ್ನು ಒಬ್ಬನೇ ಹೊತ್ತುಕೊಂಡು ಹೋಗುತ್ತಾನೆ.

ಯಾರಪ್ಪ ಈ ನಟ ಅಂತ ಹುಡುಕಿದರೆ ಟಾಮ್ ವೇಟ್ಸ್ ಅಂತೆ, ಮೂಲತಃ ಹಾಡುಗಾರನಂತೆ, 1973ರಿಂದ ಆಲ್ಬಮ್ ಮಾಡಿದ್ದಾನಂತೆ. ಸರಿ, ಕೇಳೋಣ ಅಂತ ಮೊದಲ ಆಲ್ಬಮ್ 'ಕ್ಲೋಸಿಂಗ್ ಟೈಮ್' ಹಾಕಿದೆ. ಪಿಯಾನೊ, ಮೆತ್ತಗಿನ ದನಿ, ಚೆನ್ನಾಗಿತ್ತು. ಆಮೇಲೆ 1992ರ 'ಬೋನ್ ಮಷೀನ್' ಹಾಕಿದೆ. ಯಾರೋ ಕಬ್ಬಿಣದ ಸಾಮಾನಿಗೆ ಬಡಿಯುತ್ತಾ ಕಿರುಚುತ್ತಿದ್ದಾರೆ. ಹೆಸರು ಇನ್ನೊಮ್ಮೆ ನೋಡಿದೆ. ಅದೇ ಮನುಷ್ಯ.

ಏನಾಯ್ತು ಇವನಿಗೆ? ಹಾಡುಗಾರ ಸಿನಿಮಾಕ್ಕೆ ಬಂದಿದ್ದೋ, ನಟ ಹಾಡುತ್ತಿರೋದೋ? ಇಂಥ ಗಂಟಲು ಇಟ್ಟುಕೊಂಡು ಇಷ್ಟು ವರ್ಷ ಹೇಗೆ ಬದುಕಿದ? ಮತ್ತೆ ಮುಖ್ಯವಾಗಿ, ಯಾವ ಆಲ್ಬಮ್‌ನಿಂದ ಶುರು ಮಾಡಿದರೆ ಓಡಿಹೋಗದೆ ಉಳಿಯಬಹುದು? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಹಳೇಟೇಪು

ಎರಡು ತುದಿ ಕೇಳಿ ಮಧ್ಯದ ಹತ್ತೊಂಬತ್ತು ವರ್ಷ ಬಿಟ್ಟುಬಿಟ್ಟಿದ್ದೀರಿ ಮಾರಾಯ್ರೇ, ಗಾಬರಿ ಆಗದೆ ಇನ್ನೇನು. ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹುಟ್ಟಿದ್ದು 1949ರಲ್ಲಿ, ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ. ಹುಡುಗನಾಗಿದ್ದಾಗ ಸ್ಯಾನ್ ಡಿಯೇಗೊ ಪಕ್ಕದ ನ್ಯಾಷನಲ್ ಸಿಟಿಯಲ್ಲಿ ಒಂದು ಪಿಜ್ಜಾ ಅಂಗಡಿಯಲ್ಲಿ ಕೆಲಸ. ಆಮೇಲೆ 'ಹೆರಿಟೇಜ್' ಅನ್ನೋ ಕಾಫಿಹೌಸಿನಲ್ಲಿ ಬಾಗಿಲು ಕಾಯುತ್ತಿದ್ದ, ಅಲ್ಲೇ ಹಾಡೋದಕ್ಕೂ ಶುರು ಮಾಡಿದ. ಅಲ್ಲಿಂದ ಲಾಸ್ ಏಂಜಲೀಸಿನ ಟ್ರೂಬಡೂರ್ ಕ್ಲಬ್ಬು. ಸೋಮವಾರ ರಾತ್ರಿ ಯಾರು ಬೇಕಾದರೂ ವೇದಿಕೆ ಹತ್ತಬಹುದಿತ್ತು, ಇವನೂ ಹತ್ತಿದ. ಮ್ಯಾನೇಜರ್ ಸಿಕ್ಕ, ಅಸೈಲಮ್ ಅನ್ನೋ ರೆಕಾರ್ಡ್ ಕಂಪನಿ ಕರೆದುಕೊಂಡಿತು. ಹಾಗೆ ಬಂದದ್ದು ನೀವು ಕೇಳಿದ 'ಕ್ಲೋಸಿಂಗ್ ಟೈಮ್'. ಅದು ಜಾಸ್ತಿ ಓಡಲಿಲ್ಲ. ಆದರೆ ಅದರ ಮೊದಲ ಹಾಡನ್ನು ಮರುವರ್ಷವೇ ಈಗಲ್ಸ್ ತಂಡದವರು ತಮ್ಮ ಆಲ್ಬಮ್‌ನಲ್ಲಿ ಹಾಡಿದರು.

ಆ ಕಾಲದಲ್ಲಿ ರಾಕ್ ಸಂಗೀತಗಾರ ಫ್ರ್ಯಾಂಕ್ ಜಪ್ಪಾನ ಕಾರ್ಯಕ್ರಮಗಳಿಗೆ ಮೊದಲು ಇವನನ್ನು ವೇದಿಕೆಗೆ ಬಿಡುತ್ತಿದ್ದರು. ಜಪ್ಪಾನಿಗೋಸ್ಕರ ಬಂದ ಜನಕ್ಕೆ ಇವನ ಪಿಯಾನೊ ಯಾಕೆ ಬೇಕು? ಕೂಗಾಡುತ್ತಿದ್ದರು, ಕೈಗೆ ಸಿಕ್ಕಿದ್ದು ಎಸೆಯುತ್ತಿದ್ದರು. ನನ್ನ ಅನಿಸಿಕೆ ಏನು ಅಂದರೆ, ವೇಟ್ಸ್ ಒಂದು ವೇಷ ಹಾಕಿಕೊಳ್ಳೋದಕ್ಕೆ ಶುರು ಮಾಡಿದ್ದೇ ಈ ಏಟಿಗೆ. ಹಳೇ ಸೂಟು, ಟೊಪ್ಪಿ, ಬೆರಳ ಸಂದಿಯಲ್ಲಿ ಸಿಗರೇಟು, ಕುಡುಕನ ತೂರಾಟ, ಹಾಡಿನ ಮಧ್ಯೆ ಪಟಾಕಿ ಮಾತು. ವೆಸ್ಟ್ ಹಾಲಿವುಡ್‌ನ ಟ್ರಾಪಿಕಾನಾ ಮೋಟೆಲಿನಲ್ಲೇ ವಾಸ. 1975ರ 'ನೈಟ್‌ಹಾಕ್ಸ್ ಅಟ್ ದ ಡೈನರ್' ಕೇಳಿ. ಅದು ಕ್ಲಬ್ಬಿನಲ್ಲಿ ಮಾಡಿದ ರೆಕಾರ್ಡಿಂಗ್ ಅಲ್ಲ. ಸ್ಟುಡಿಯೋದಲ್ಲೇ ಮೇಜು ಕುರ್ಚಿ ಹಾಕಿ, ಜನರನ್ನು ಕರೆದು ಕೂರಿಸಿ, ಕ್ಲಬ್ಬಿನ ಸೆಟ್ ಕಟ್ಟಿ ಮಾಡಿದ್ದು. ಸಿನಿಮಾಕ್ಕೆ ಕಾಲಿಡೋ ಮೊದಲೇ ಈತ ಸೆಟ್ ಹಾಕಿಕೊಂಡು ಪಾತ್ರ ಮಾಡುತ್ತಿದ್ದ ಅಂತ ಇದರಲ್ಲೇ ಗೊತ್ತಾಗುತ್ತೆ, ಅಲ್ವಾ? ಮರುವರ್ಷದ 'ಸ್ಮಾಲ್ ಚೇಂಜ್' ಹೊತ್ತಿಗೆ ದನಿ ಪೂರ್ತಿ ಕೆರಕಲು.

ಈ ವೇಷ ಚೆನ್ನಾಗಿ ನಡೆಯಿತು, ಆದರೆ ಅದೇ ಉರುಳೂ ಆಯಿತು. ಎಪ್ಪತ್ತರ ದಶಕದ ಕೊನೆಯ ಆಲ್ಬಮ್‌ಗಳಲ್ಲಿ ಒಳ್ಳೊಳ್ಳೇ ಹಾಡುಗಳಿವೆ. ಆದರೂ ಅದೇ ಬಾರು, ಅದೇ ಮಳೆ, ಅದೇ ಸೋತ ಗಂಡಸರು.

ಆಗ ಸಿನಿಮಾ ಬಂತು. ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ 'ಒನ್ ಫ್ರಮ್ ದ ಹಾರ್ಟ್'ಗೆ ಹಾಡು ಬರೆಯೋದಕ್ಕೆ ಕರೆದ. ಕೊಪ್ಪೊಲಾನ ಝೋಟ್ರೋಪ್ ಸ್ಟುಡಿಯೋದಲ್ಲಿ ಇವನಿಗೊಂದು ಕೋಣೆ, ಪಿಯಾನೊ, ಆಫೀಸಿಗೆ ಹೋದ ಹಾಗೆ ದಿನಾ ಹೋಗಿ ಬರೆಯಬೇಕು. ಅದೇ ಸ್ಟುಡಿಯೋದಲ್ಲಿ ಕಥೆ, ಸ್ಕ್ರಿಪ್ಟ್ ನೋಡುವ ಕೆಲಸದಲ್ಲಿದ್ದವಳು ಕ್ಯಾಥ್ಲೀನ್ ಬ್ರೆನ್ನನ್. 1980ರಲ್ಲಿ ಮದುವೆಯಾದರು. ಸಿನಿಮಾ 1982ರಲ್ಲಿ ಬಂದು ಮಕಾಡೆ ಮಲಗಿತು, ಕೊಪ್ಪೊಲಾ ಸಾಲದಲ್ಲಿ ಮುಳುಗಿದ. ಇವನ ಸಂಗೀತ ಮಾತ್ರ ಆಸ್ಕರ್ ನಾಮಿನೇಷನ್ ತನಕ ಹೋಯಿತು.

ಈ ಕ್ಯಾಥ್ಲೀನ್ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ, ನನಗೆ ಅದೇ ಸಿಟ್ಟು. ಅವಳ ಹತ್ತಿರ ಕ್ಯಾಪ್ಟನ್ ಬೀಫ್‌ಹಾರ್ಟ್ ಥರದ, ವಿಚಿತ್ರ ಸದ್ದಿನ ರಾಕ್ ಸಂಗೀತ ಮಾಡೋರ ರೆಕಾರ್ಡ್‌ಗಳಿದ್ದವು. ಹಳೇ ಪ್ರೊಡ್ಯೂಸರ್ ಬಿಟ್ಟು ನೀನೇ ಮಾಡು ಅಂತ ಹುರಿದುಂಬಿಸಿದ್ದೂ ಅವಳೇ. ಹಾಗೆ ಬಂದದ್ದು 'ಸ್ವೋರ್ಡ್‌ಫಿಶ್‌ಟ್ರಾಂಬೋನ್ಸ್'. ಕೇಳಿಸಿದಾಗ ಅಸೈಲಮ್‌ನವರು ಬೇಡ ಅಂದರು. ಕ್ರಿಸ್ ಬ್ಲ್ಯಾಕ್‌ವೆಲ್‌ನ ಐಲ್ಯಾಂಡ್ ಕಂಪನಿ ತೆಗೆದುಕೊಂಡು 1983ರಲ್ಲಿ ಬಿಡುಗಡೆ ಮಾಡಿತು. ಸ್ಯಾಕ್ಸೊಫೋನ್, ತಂತಿವಾದ್ಯಗಳ ಮೇಳ ಎಲ್ಲ ಹೋಗಿ ಮರಿಂಬಾ, ಹಾರ್ಮೋನಿಯಂ, ಬ್ಯಾಗ್‌ಪೈಪ್, ವಾಹನದ ಬ್ರೇಕ್ ಡ್ರಮ್ ಬಂದವು. ಅದರ ನಡುವೆ ಹೆಂಡತಿಯ ಊರಿನ ಹೆಸರಿಟ್ಟು ಒಂದೂವರೆ ನಿಮಿಷದ ಪುಟ್ಟ ಪಿಯಾನೊ ಹಾಡು. ಅದೊಂದೇ ಸಾಕು, ಹಳೇ ವೇಟ್ಸ್ ಸತ್ತಿಲ್ಲ ಅನ್ನೋದಕ್ಕೆ. ಮುಂದಿನ ಆಲ್ಬಮ್‌ನಿಂದ ಕ್ಯಾಥ್ಲೀನ್ ಹೆಸರು ಹಾಡು ಬರೆದವರ ಪಟ್ಟಿಗೇ ಬಂತು. ಆಮೇಲೆ ಹೆಚ್ಚಿನದೆಲ್ಲ ಇಬ್ಬರೂ ಸೇರಿಯೇ ಬರೆದದ್ದು, ಪ್ರೊಡ್ಯೂಸ್ ಮಾಡಿದ್ದು.

ನೀವು ಬೆಚ್ಚಿಬಿದ್ದ 'ಬೋನ್ ಮಷೀನ್' ಈ ದಾರಿಯ ಮುಂದಿನ ನಿಲ್ದಾಣ. ಸ್ಟುಡಿಯೋದ ಒಳ್ಳೇ ಕೋಣೆ ಬಿಟ್ಟು ಸಿಮೆಂಟ್ ನೆಲದ ಒಂದು ಉಗ್ರಾಣದಂಥ ಕೋಣೆಯಲ್ಲಿ ರೆಕಾರ್ಡ್ ಮಾಡಿದ. ಅಲ್ಲಿದ್ದದ್ದು ನೀರು ಕಾಯಿಸುವ ಹಂಡೆ ಒಂದೇ. ಆ ಗೋಡೆಗಳ ಸದ್ದು ಅವನಿಗೆ ಬೇಕಿತ್ತು. ಕಬ್ಬಿಣದ ತುಂಡುಗಳನ್ನು ನೇತುಹಾಕಿದ ಒಂದು ವಾದ್ಯವನ್ನೂ ಮಾಡಿಸಿಕೊಂಡಿದ್ದ, ಹಾಗಾಗಿ ಬಡಿಯುತ್ತಿದ್ದಾರೆ ಅಂತ ನಿಮಗೆ ಅನಿಸಿದ್ದು ಸರಿಯೇ. ಆ ಆಲ್ಬಮ್‌ಗೆ ಗ್ರ್ಯಾಮಿ ಬಂತು.

ಶುರು ಮಾಡೋದಕ್ಕೆ 1985ರ 'ರೇನ್ ಡಾಗ್ಸ್'. ಕಣ್ಣು ಮುಚ್ಚಿಕೊಂಡು ಹೇಳ್ತೀನಿ.

ಎರಡನೇಆಟ

ಹಳೇಟೇಪು ಅವರು ಸಂಗೀತದ ಕಡೆ ಮುಗಿಸಿಬಿಟ್ಟರು, ನಾನು ಸಿನಿಮಾ ಕಡೆಯಿಂದ ಬರ್ತೀನಿ. ನಮ್ಮಲ್ಲಿ ಅಣ್ಣಾವ್ರು ನಟರಾಗಿದ್ದು ಹಾಡಿದರು, ಎರಡರಲ್ಲೂ ಮೇರು. ವೇಟ್ಸ್ ಲೆಕ್ಕ ಬೇರೆ. ಈತ ನಾಯಕನಾಗೋಕೆ ಹೊರಟವನೇ ಅಲ್ಲ. ಬಾಗಿಲ ಪಕ್ಕ ನಿಂತು, ಒಂದೆರಡು ದೃಶ್ಯದಲ್ಲಿ ಇಡೀ ಸಿನಿಮಾದ ವಾಸನೆ ಬದಲಾಯಿಸಿ ಹೋಗೋ ಜಾತಿ.

ಮೊದಲು ಕಾಣಿಸಿದ್ದು 1978ರಲ್ಲಿ ಸಿಲ್ವೆಸ್ಟರ್ ಸ್ಟಲೋನ್ ನಿರ್ದೇಶಿಸಿದ 'ಪ್ಯಾರಡೈಸ್ ಆಲಿ'ಯಲ್ಲಿ. ಪಾತ್ರದ ಹೆಸರೇ ಮಂಬಲ್ಸ್, ಬಾರಿನಲ್ಲಿ ಪಿಯಾನೊ ನುಡಿಸೋನು. ಅಂದರೆ ಅವನೇ. ಆಮೇಲೆ ಕೊಪ್ಪೊಲಾ ತನ್ನ ಸಿನಿಮಾಗಳಿಗೆ ಸುಮ್ಮನೆ ಎಳೆದುಕೊಂಡು ಹೋದ: 1983ರಲ್ಲಿ 'ದ ಔಟ್‌ಸೈಡರ್ಸ್', 'ರಂಬಲ್ ಫಿಶ್', 1984ರಲ್ಲಿ 'ದ ಕಾಟನ್ ಕ್ಲಬ್'. ಎಲ್ಲ ಚಿಕ್ಕ ಪಾತ್ರ.

ನಿಜವಾದ ನಟ ಹೊರಗೆ ಬಂದದ್ದು 1986ರ 'ಡೌನ್ ಬೈ ಲಾ'ದಲ್ಲಿ. ಜಿಮ್ ಜಾರ್ಮುಶ್ ನಿರ್ದೇಶನ, ಕಪ್ಪು-ಬಿಳುಪು, ಲೂಸಿಯಾನದಲ್ಲಿ ಚಿತ್ರೀಕರಣ. ವೇಟ್ಸ್ ಪಾತ್ರ ಝ್ಯಾಕ್, ಕೆಲಸ ಕಳೆದುಕೊಂಡ ರೇಡಿಯೋ ಡಿಜೆ. ಒಂದು ಕಾರನ್ನು ಊರಾಚೆ ಮುಟ್ಟಿಸಿ ಬಾ, ದುಡ್ಡು ಕೊಡ್ತೀನಿ ಅಂತ ಒಬ್ಬ ಹೇಳ್ತಾನೆ. ಪೊಲೀಸರು ಹಿಡಿದು ಡಿಕ್ಕಿ ತೆಗೆದರೆ ಹೆಣ. ಜೈಲಿನಲ್ಲಿ ಜಾನ್ ಲೂರಿ ಜೊತೆ ಒಂದೇ ಕೋಣೆ. ಇಬ್ಬರೂ ಮುಖ ತಿರುಗಿಸಿಕೊಂಡು ಕೂತಿರ್ತಾರೆ. ಆಗ ಮೂರನೆಯವನಾಗಿ ಇಂಗ್ಲಿಷ್ ಸರಿಯಾಗಿ ಬಾರದ ರಾಬರ್ಟೊ ಬೆನಿನಿ ಬರ್ತಾನೆ. ಐಸ್‌ಕ್ರೀಮಿನ ಒಂದು ಮಕ್ಕಳ ಪ್ರಾಸ ಅವನ ಬಾಯಿಗೆ ಸಿಕ್ಕಿ, ಕೋಣೆಯಲ್ಲಿ ಸುತ್ತು ಹಾಕುತ್ತಾ ಶುರು ಮಾಡ್ತಾನೆ. ಈ ಇಬ್ಬರೂ ಸೇರಿಕೊಳ್ತಾರೆ, ಕೊನೆಗೆ ಇಡೀ ಜೈಲೇ ಕೂಗ್ತಿರುತ್ತೆ. ಆ ದೃಶ್ಯದಲ್ಲಿ ವೇಟ್ಸ್ ಮುಖ ನೋಡಿ. ಮೊದಲು ಸಿಡುಕು, ಆಮೇಲೆ ತುಟಿ ತುದಿಯಲ್ಲಿ ಸ್ವಲ್ಪ, ಆಮೇಲೆ ಪೂರ್ತಿ ಹುಡುಗ. ಯಾವ ಶಾಲೆಯಲ್ಲೂ ಕಲಿಸೋಕಾಗಲ್ಲ ಅದನ್ನ. ಸಿನಿಮಾ ಶುರುವಾಗೋದು, ಮುಗಿಯೋದು ಎರಡೂ 'ರೇನ್ ಡಾಗ್ಸ್' ಆಲ್ಬಮ್‌ನ ಹಾಡುಗಳಿಂದ. ಹಾಗಾಗಿ ಸಂಜೆಗಾಳಿ ಅವರೇ, ಮೊದಲು ಈ ಸಿನಿಮಾ ನೋಡಿ, ಆಲ್ಬಮ್ ಆಮೇಲೆ. ಕಿವಿ ತಾನಾಗೇ ಹೊಂದಿಕೊಳ್ಳುತ್ತೆ.

ಉಳಿದದ್ದು ಬೇಗ ಹೇಳ್ತೀನಿ. 1987ರ 'ಐರನ್‌ವೀಡ್'ನಲ್ಲಿ ಜ್ಯಾಕ್ ನಿಕಲ್ಸನ್ ಜೊತೆ ಬೀದಿಯಲ್ಲಿ ಅಲೆಯೋನು. ನಿಕಲ್ಸನ್, ಮೆರಿಲ್ ಸ್ಟ್ರೀಪ್ ಇಬ್ಬರ ಎದುರು ನಿಂತೂ ಮಂಕಾಗಲಿಲ್ಲ. 1992ರ ಕೊಪ್ಪೊಲಾನ 'ಡ್ರಾಕುಲಾ'ದಲ್ಲಿ ಹುಳ ತಿನ್ನೋ ಹುಚ್ಚ ರೆನ್‌ಫೀಲ್ಡ್. ಮರುವರ್ಷ ರಾಬರ್ಟ್ ಆಲ್ಟ್‌ಮನ್‌ನ 'ಶಾರ್ಟ್ ಕಟ್ಸ್'ನಲ್ಲಿ ಲಿಮೊಸಿನ್ ಡ್ರೈವರ್, ಲಿಲಿ ಟಾಮ್ಲಿನ್ ಹೆಂಡತಿ. ನನ್ನ ಪ್ರಕಾರ ಅವನ ಅತ್ಯುತ್ತಮ ಅಭಿನಯ ಇದು, ಯಾಕಂದ್ರೆ ಇಲ್ಲಿ ವಿಚಿತ್ರ ವೇಷ ಏನೂ ಇಲ್ಲ. ಕುಡಿಯೋ ಗಂಡ, ಸುಸ್ತಾದ ಹೆಂಡತಿ, ಜಗಳ, ರಾಜಿ, ಅಷ್ಟೇ. 2009ರಲ್ಲಿ ಟೆರಿ ಗಿಲಿಯಂ ಸಿನಿಮಾದಲ್ಲಿ ಸೈತಾನ. ಟೊಪ್ಪಿ, ಸಣ್ಣ ಮೀಸೆ, ಜೂಜಿನ ಚಟ. 2021ರ 'ಲಿಕೊರೀಸ್ ಪಿಜ್ಜಾ'ದಲ್ಲೂ ಸ್ವಲ್ಪ ಹೊತ್ತು ಬಂದು ಗದ್ದಲ ಎಬ್ಬಿಸ್ತಾನೆ. 2025ರಲ್ಲಿ ವೆನಿಸ್‌ನಲ್ಲಿ ಗೋಲ್ಡನ್ ಲಯನ್ ಗೆದ್ದ ಜಾರ್ಮುಶ್‌ನ 'ಫಾದರ್ ಮದರ್ ಸಿಸ್ಟರ್ ಬ್ರದರ್'ನಲ್ಲಿ ಆ ಅಪ್ಪ ಇವನೇ.

ಜಾರ್ಮುಶ್‌ನ ಒಂದು ಕಿರುಚಿತ್ರ ಇದೆ, ಇಗ್ಗಿ ಪಾಪ್ ಮತ್ತು ವೇಟ್ಸ್ ಕಾಫಿ ಕುಡೀತಾ ಕೂತಿರೋದು. ಇಬ್ಬರೂ ಸಿಗರೇಟು ಬಿಟ್ಟಿದ್ದಾರೆ. ಬಿಟ್ಟಾಗಿದೆಯಲ್ಲ, ಇನ್ನು ಒಂದು ಸೇದಿದರೆ ತಪ್ಪಿಲ್ಲ ಅಂತ ತರ್ಕ ಮಾಡಿ ಹಚ್ಚಿಕೊಳ್ತಾರೆ. ಅದಕ್ಕೆ 1993ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಕಿರುಚಿತ್ರದ ಪಾಮ್ ಡೋರ್ ಬಂತು. ಆಮೇಲೆ ಜಾರ್ಮುಶ್‌ನ 'ಕಾಫಿ ಅಂಡ್ ಸಿಗರೆಟ್ಸ್' ಸಿನಿಮಾದ ಒಳಗೆ ಸೇರಿಕೊಂಡಿತು. ನೋಡಲೇಬೇಕು.

ಕಹಿಬೇವು

ಎಲ್ಲರೂ ಹೊಗಳ್ತಿದ್ದೀರಿ, ಒಬ್ಬನಾದರೂ ಕಡ್ಡಿ ಮುರಿದಂತೆ ಹೇಳಲಿ. ನನಗೆ ಈ ಮನುಷ್ಯನ ಮೇಲೆ ನಂಬಿಕೆ ಬರಲ್ಲ. ಅಪ್ಪ ಸ್ಪ್ಯಾನಿಷ್ ಪಾಠ ಹೇಳುವ ಮೇಷ್ಟ್ರು. ಈತ ಬೀದಿಬದಿಯ ಕುಡುಕನಂತೆ, ಜಾತ್ರೆಯ ಕೂಗುಮಾರಿಯಂತೆ, ನಾವಿಕನಂತೆ ಹಾಡೋದು. ಮೊದಲ ಆಲ್ಬಮ್‌ನಲ್ಲಿ ಗಂಟಲು ಸರಿಯಾಗೇ ಇತ್ತಲ್ಲ? ಮೂರೇ ವರ್ಷದಲ್ಲಿ ಹಾಗೆ ಕೆಡೋದಕ್ಕೆ ಸಾಧ್ಯವಾ? ಬೇಕಂತ ಮಾಡಿಕೊಂಡದ್ದು. ಬಡವರ ಬದುಕನ್ನು ವೇಷದ ಥರ ಹಾಕಿಕೊಂಡು, ಸಂದರ್ಶನಗಳಲ್ಲಿ ಬಾಯಿಗೆ ಬಂದ ಕಟ್ಟುಕಥೆ ಹೇಳಿಕೊಂಡು, ಕೊನೆಗೆ ಹಳ್ಳಿಕಡೆ ಹೆಂಡತಿ ಮಕ್ಕಳ ಜೊತೆ ನೆಮ್ಮದಿಯಾಗಿರೋದು. ನಾಟಕ ಅಲ್ಲದೆ ಇನ್ನೇನು?

ಹಾಡು ಚೆನ್ನಾಗಿ ಬರೀತಾನೆ, ಅದನ್ನ ಅಲ್ಲಗಳೆಯಲ್ಲ. ಬೇರೆಯವರು ಹಾಡಿದರೆ ಇನ್ನೂ ಚೆನ್ನಾಗಿರುತ್ತೆ. ಅಷ್ಟೇ ನಾನು ಹೇಳೋದು.

ಹಳೇಟೇಪು

ನಾಟಕ ಅನ್ನೋದನ್ನ ಬೈಗುಳದ ಥರ ಹೇಳಿದಿರಿ, ನಾನು ಅದನ್ನೇ ಹೊಗಳಿಕೆ ಅಂತ ತಗೋತೀನಿ. ಕಥೆಗಾರ ಕೊಲೆಗಾರನ ಮಾತಿನಲ್ಲಿ ಕಥೆ ಬರೆದರೆ ಯಾರೂ ಕೇಳಲ್ಲ, ನೀನ್ಯಾವಾಗ ಕೊಲೆ ಮಾಡಿದೆ ಅಂತ. ಹಾಡುಗಾರನಿಗೆ ಮಾತ್ರ ಯಾಕೆ ಈ ಕಟ್ಟಲೆ?

ಅವನು ರಂಗಭೂಮಿಗೂ ನೇರವಾಗೇ ಹೋಗಿದ್ದಾನೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ. 'ಫ್ರ್ಯಾಂಕ್ಸ್ ವೈಲ್ಡ್ ಇಯರ್ಸ್' ಮೊದಲು ನಾಟಕವಾಗೇ ಬಂದದ್ದು. 1986ರಲ್ಲಿ ಶಿಕಾಗೊದ ಸ್ಟೆಪ್ಪನ್‌ವುಲ್ಫ್ ತಂಡ ಆಡಿತು, ಗ್ಯಾರಿ ಸಿನೀಸ್ ನಿರ್ದೇಶನ, ಫ್ರ್ಯಾಂಕ್ ಪಾತ್ರದಲ್ಲಿ ವೇಟ್ಸ್. ಆಲ್ಬಮ್ ಮರುವರ್ಷ ಬಂತು. 1990ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ರಾಬರ್ಟ್ ವಿಲ್ಸನ್ ನಿರ್ದೇಶಿಸಿದ 'ದ ಬ್ಲ್ಯಾಕ್ ರೈಡರ್'ಗೆ ಹಾಡು ಮಾಡಿದ, ಮಾತು ಬರೆದವರು ವಿಲಿಯಂ ಬರೋಸ್. 2002ರಲ್ಲಿ ಒಂದೇ ದಿನ ಬಿಡುಗಡೆಯಾದ 'ಆಲಿಸ್' ಮತ್ತು 'ಬ್ಲಡ್ ಮನಿ' ಎರಡೂ ವಿಲ್ಸನ್ ನಾಟಕಗಳಿಗೆ ಬರೆದ ಹಾಡುಗಳೇ. ಅಂದರೆ ಎಂಬತ್ತರ ದಶಕದಿಂದ ಈಚೆಗೆ ಈತ ಹಾಡುಗಾರನ ಕೋಟು ತೊಟ್ಟ ನಾಟಕಕಾರ. ಗಂಟಲೂ ಒಂದಲ್ಲ ನೋಡಿ. ಒಂದು ಹಾಡಿನಲ್ಲಿ ಗುಡುಗು, ಇನ್ನೊಂದರಲ್ಲಿ ಹೆಂಗಸಿನಂಥ ಕೀರಲು, ಮತ್ತೊಂದರಲ್ಲಿ ಪೊಲೀಸರು ಹಿಡಿಯುವ ಮೆಗಾಫೋನ್ ಒಳಗಿಂದ. ಪಾತ್ರಕ್ಕೆ ತಕ್ಕ ದನಿ.

ನೆಮ್ಮದಿಯಾಗಿರೋದು ಅಪರಾಧ ಅಂತ ನನಗೆ ಗೊತ್ತಿರಲಿಲ್ಲ ಬಿಡಿ. ಕುಡಿತ ಬಿಟ್ಟು ಸಂಸಾರ ಮಾಡಿಕೊಂಡು ಮೊದಲಿಗಿಂತ ಧೈರ್ಯದ ಸಂಗೀತ ಮಾಡಿದ ಹಾಡುಗಾರರು ಎಷ್ಟು ಜನ ಇದ್ದಾರೆ ಹೇಳಿ.

ಕರಿಕೋಟು

ಗಂಟಲಿನ ಮಾತು ಬಂತಲ್ಲ, ವಕೀಲಿ ಮಾಡೋನು ನಾನು, ಸುಮ್ಮನಿರೋಕಾಗಲ್ಲ. ಈ ಗಂಟಲು ಯಾರದ್ದು ಅಂತ ಅಮೆರಿಕದ ಕೋರ್ಟಿನಲ್ಲೇ ತೀರ್ಮಾನ ಆಗಿದೆ.

ವೇಟ್ಸ್‌ಗೆ ಜಾಹೀರಾತು ಅಂದ್ರೆ ಆಗಲ್ಲ. ಹಾಡುಗಾರರು ಅದಕ್ಕೆ ಹಾಡಬಾರದು ಅಂತ ಬಹಿರಂಗವಾಗೇ ಹೇಳ್ತಿದ್ದವನು. 1981ರಲ್ಲಿ ಒಂದು ನಾಯಿ ತಿಂಡಿಯ ಜಾಹೀರಾತಿಗೆ ದನಿ ಕೊಟ್ಟಿದ್ದ, ಆಮೇಲೆ ಆ ಕಡೆ ತಲೆ ಹಾಕಲಿಲ್ಲ. 1988ರಲ್ಲಿ ಫ್ರಿಟೊ-ಲೇ ಕಂಪನಿ ಡೊರಿಟೋಸ್‌ನ ಹೊಸ ರುಚಿಯ ಚಿಪ್ಸ್ ಬಿಡುಗಡೆ ಮಾಡಿತು. ಜಾಹೀರಾತು ಮಾಡಿದವರು ವೇಟ್ಸ್‌ನ 1976ರ ಒಂದು ಹಾಡಿನ ಧಾಟಿ ಹಿಡಿದರು. ತಮಾಷೆ ಅಂದ್ರೆ ಆ ಹಾಡು ಬರೆದಿರೋದೇ ಜಾಹೀರಾತುಗಳನ್ನು ಗೇಲಿ ಮಾಡೋದಕ್ಕೆ! ಇವನ ಥರವೇ ಹಾಡಬಲ್ಲ ಒಬ್ಬನನ್ನು ಹಿಡಿದು ಹಾಡಿಸಿದರು. ಕೇಸ್ ಆಗಬಹುದು ಅಂತ ಗೊತ್ತಿತ್ತು, ವಕೀಲರನ್ನೂ ಕೇಳಿದ್ದರು, ಅನುಕರಣೆ ಇಲ್ಲದ ಇನ್ನೊಂದು ರೆಕಾರ್ಡಿಂಗ್ ಕೂಡ ತಯಾರು ಮಾಡಿಟ್ಟಿದ್ದರು. ಕಂಪನಿ ಆರಿಸಿದ್ದು ವೇಟ್ಸ್ ಥರದ್ದನ್ನೇ. 250ಕ್ಕೂ ಹೆಚ್ಚು ರೇಡಿಯೋ ಸ್ಟೇಷನ್‌ಗಳಲ್ಲಿ ಬಂತು. ಇವನು ಕೇಳಿದ, ಕೋರ್ಟಿಗೆ ಹೋದ.

ಎದುರು ಪಕ್ಷದ ವಾದ: ಶೈಲಿ ಯಾರ ಸ್ವತ್ತೂ ಅಲ್ಲ. ಅದು ನಿಜವೇ. ಆದರೆ ಅದಕ್ಕೆ ಮೊದಲೇ ಬೆಟ್ ಮಿಡ್ಲರ್ ಎಂಬ ಹಾಡುಗಾರ್ತಿ ಫೋರ್ಡ್ ಕಾರು ಕಂಪನಿ ಮೇಲೆ ಇಂಥದ್ದೇ ಕೇಸ್ ಗೆದ್ದಿದ್ದಳು. ಶೈಲಿ ಬೇರೆ, ಕೇಳಿದ ಕೂಡಲೇ ಇಂಥವರದ್ದೇ ಅಂತ ಜನ ಗುರುತಿಸೋ ದನಿ ಬೇರೆ. ಅಂಥ ಪ್ರಸಿದ್ಧ ದನಿಯನ್ನು ಸಾಮಾನು ಮಾರೋಕೆ ಬೇಕಂತಲೇ ನಕಲು ಮಾಡಿದರೆ ಅದು ತಪ್ಪು ಅಂತ ಆ ತೀರ್ಪು. ವೇಟ್ಸ್ ಕೇಸಿನಲ್ಲೂ ಅದೇ ನಿಂತಿತು. ನಷ್ಟಕ್ಕೆ 3,75,000 ಡಾಲರ್, ಬುದ್ಧಿ ಕಲಿಸೋಕೆ 20 ಲಕ್ಷ ಡಾಲರ್, ಮೇಲೆ ವಕೀಲರ ಫೀಸು. 1992ರಲ್ಲಿ ಮೇಲ್ಮನವಿ ಕೋರ್ಟು ಇದನ್ನ ಎತ್ತಿಹಿಡಿಯಿತು. ಬೇರೆ ಕಾಯ್ದೆಯಡಿ ಕೊಟ್ಟಿದ್ದ 1 ಲಕ್ಷ ಡಾಲರನ್ನು ಮಾತ್ರ, ಒಂದೇ ನಷ್ಟಕ್ಕೆ ಎರಡು ಸಲ ಪರಿಹಾರ ಆಗುತ್ತೆ ಅಂತ ಕಿತ್ತುಹಾಕಿತು.

ಕಹಿಬೇವು ಅವರೇ, ದನಿ ಬೇಕಂತ ಮಾಡಿಕೊಂಡದ್ದು ಅಂದಿರಿ. ಇರಲಿ. ಹಾಗೆ ಮಾಡಿಕೊಂಡ ದನಿಯೂ ಅವನದ್ದೇ. ಈಗ ಯಂತ್ರದಲ್ಲಿ ಯಾರ ದನಿ ಬೇಕಾದರೂ ತೆಗೆಯೋ ಕಾಲದಲ್ಲಿ ಈ ಕೇಸಿನ ಬೆಲೆ ಇನ್ನೂ ಜಾಸ್ತಿ ಆಗಿದೆ.

ಕಹಿಬೇವು

ಕೇಸಿನ ವಿಷಯ ಒಪ್ಪಿದೆ, ಆ ಕಂಪನಿಗೆ ಹಾಗೇ ಆಗಬೇಕಿತ್ತು. ಆಲ್ಬಮ್ ವಿಷಯದಲ್ಲಿ ನಾನು ಹೇಳಿದ್ದೇ ಸರಿ. 😀

ಸಂಜೆಗಾಳಿ

ಇಷ್ಟೆಲ್ಲ ಬರೆದಿದ್ದಕ್ಕೆ ಎಲ್ಲರಿಗೂ ನಮಸ್ಕಾರ. ಒಂದು ಉಳಿಯಿತು. ದೊಡ್ಡ ಹಿಟ್ ಹಾಡು ಅಂತ ಇವನ ದನಿಯಲ್ಲಿ ಯಾವುದೂ ಇದ್ದ ಹಾಗಿಲ್ಲ, ಜಾಹೀರಾತು ಬೇಡ, ಸಿನಿಮಾದಲ್ಲಿ ಸಣ್ಣ ಪಾತ್ರ. ಹೊಟ್ಟೆಪಾಡು ಹೇಗೆ?

ತಂತಿಮನೆ

ಕಹಿಬೇವು ಹೇಳಿದ "ಬೇರೆಯವರು ಹಾಡಿದರೆ" ಅನ್ನೋದರಲ್ಲೇ ಉತ್ತರ ಇದೆ. ಹಾಡು ಬರೆದವನಿಗೆ ಬೇರೆಯವರು ಹಾಡಿದಾಗಲೂ ರಾಯಲ್ಟಿ ಬರುತ್ತಲ್ಲ. 'ಡೌನ್‌ಟೌನ್ ಟ್ರೇನ್' ವೇಟ್ಸ್ ಹಾಡಿದಾಗ ಎಷ್ಟು ಜನ ಕೇಳಿದರೋ, 1989ರಲ್ಲಿ ರಾಡ್ ಸ್ಟೀವರ್ಟ್ ಹಾಡಿದಾಗ ಅಮೆರಿಕದ ಪಟ್ಟಿಯಲ್ಲಿ ಮೂರನೇ ಸ್ಥಾನಕ್ಕೆ ಹೋಯಿತು. 'ಜರ್ಸಿ ಗರ್ಲ್' ಅನ್ನೋದನ್ನ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ತನ್ನದೇ ಹಾಡಿನ ಥರ ಹಾಡಿದ. ಜಾನಿ ಕ್ಯಾಶ್, ರಮೋನ್ಸ್, ಎಲ್ಲರೂ ಒಂದೊಂದು ತಗೊಂಡಿದ್ದಾರೆ. ನಟಿ ಸ್ಕಾರ್ಲೆಟ್ ಜೊಹಾನ್ಸನ್ 2008ರಲ್ಲಿ ಹೆಚ್ಚುಕಡಿಮೆ ಇಡೀ ಆಲ್ಬಮನ್ನೇ ಇವನ ಹಾಡುಗಳಿಂದ ಮಾಡಿದಳು.

'ದ ವೈರ್' ಧಾರಾವಾಹಿ ನೋಡಿದ್ದೀರಾ? ಅದರ ಶೀರ್ಷಿಕೆ ಹಾಡು ಇವನದ್ದೇ, 1987ರದ್ದು. ಐದು ಸೀಸನ್, ಪ್ರತಿ ಸಲ ಬೇರೆ ದನಿ. ಮೊದಲು ಬ್ಲೈಂಡ್ ಬಾಯ್ಸ್ ಆಫ್ ಅಲಬಾಮಾ ತಂಡ, ಎರಡನೆಯದಕ್ಕೆ ವೇಟ್ಸ್ ತಾನೇ, ಕೊನೆಯದಕ್ಕೆ ಸ್ಟೀವ್ ಅರ್ಲ್. ನೀವು ಅದನ್ನ ನೋಡಿದ್ದರೆ ಗೊತ್ತಿಲ್ಲದೇ ಆಗಲೇ ವೇಟ್ಸ್ ಕೇಳಿದ್ದೀರಿ.

ಮತ್ತೆ ಇವನ ಸ್ವಂತ ಆಲ್ಬಮ್‌ಗಳೂ ಸುಮ್ನೆ ಬಿದ್ದಿರಲಿಲ್ಲ. 1999ರ 'ಮ್ಯೂಲ್ ವೇರಿಯೇಷನ್ಸ್' ಎರಡನೇ ಗ್ರ್ಯಾಮಿ ತಂದಿತು. 2011ರ 'ಬ್ಯಾಡ್ ಆಸ್ ಮಿ' ಅಮೆರಿಕದ ಆಲ್ಬಮ್ ಪಟ್ಟಿಯಲ್ಲಿ ಆರನೇ ಸ್ಥಾನಕ್ಕೆ ಬಂತು, ಅವನಿಗೆ ಆಗ ಅರವತ್ತು ದಾಟಿತ್ತು. ಅದೇ ವರ್ಷ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೂ ಸೇರಿಸಿದರು, ಪರಿಚಯ ಮಾಡಿಕೊಟ್ಟದ್ದು ನೀಲ್ ಯಂಗ್. 2008ರ ಪ್ರವಾಸದ ಟಿಕೆಟ್‌ಗಳನ್ನು ಬ್ಲ್ಯಾಕ್‌ನಲ್ಲಿ ಮಾರದಿರಲಿ ಅಂತ ಗುರುತಿನ ಚೀಟಿ ತೋರಿಸಿಯೇ ಒಳಗೆ ಬರಬೇಕು ಅಂತ ಮಾಡಿದ್ದ. ಆಮೇಲೆ ದೊಡ್ಡ ಪ್ರವಾಸ ಹೋಗಲೇ ಇಲ್ಲ.

ಕೇಳೋ ದಾರಿಯಲ್ಲಿ ಹಳೇಟೇಪು ಜೊತೆ ನನ್ನದೊಂದು ಸಣ್ಣ ಜಗಳ. 'ಕ್ಲೋಸಿಂಗ್ ಟೈಮ್' ಇಷ್ಟ ಆದವರಿಗೆ ನೇರ 'ರೇನ್ ಡಾಗ್ಸ್' ಕೊಟ್ಟರೆ ಮೊದಲ ಹಾಡಿಗೇ ಎದ್ದು ಹೋಗ್ತಾರೆ. 'ಮ್ಯೂಲ್ ವೇರಿಯೇಷನ್ಸ್' ಕೊಡಿ. ಅದರಲ್ಲಿ ಎರಡೂ ವೇಟ್ಸ್ ಇದ್ದಾರೆ, ಒಂದು ಹಾಡಿಗೆ ಬಡಿತ, ಮುಂದಿನದಕ್ಕೆ ಕಣ್ಣೀರು ಬರೋ ಪಿಯಾನೊ. 2004ರ 'ರಿಯಲ್ ಗಾನ್' ಮಾತ್ರ ಈಗಲೇ ಮುಟ್ಟಬೇಡಿ, ಅದರಲ್ಲಿ ಪಿಯಾನೊನೇ ಇಲ್ಲ.

ಎರಡನೇಆಟ

ನಾನು ಮೊದಲೇ ಹೇಳಿದ್ನಲ್ಲ, ಮೊದಲು 'ಡೌನ್ ಬೈ ಲಾ' ನೋಡಲಿ ಅಂತ. ನೀವಿಬ್ಬರೂ ಆಲ್ಬಮ್‌ಗೇ ಗಂಟು ಬಿದ್ದಿದ್ದೀರಿ.

ಸಂಜೆಗಾಳಿ

ಸರಿ ಹೀಗೆ ಮಾಡ್ತೀನಿ: ಶನಿವಾರ ಸಿನಿಮಾ, ಭಾನುವಾರ 'ಮ್ಯೂಲ್ ವೇರಿಯೇಷನ್ಸ್', ಉಸಿರಿದ್ದರೆ 'ರೇನ್ ಡಾಗ್ಸ್'. ಮೊದಲ ಹಾಡಿಗೇ ಎದ್ದು ಹೋಗುವಂಥದ್ದು ಏನಿದೆ ಅದರಲ್ಲಿ?

ಹಳೇಟೇಪು

'ಸಿಂಗಪೂರ್' ಅಂತ ಹಾಡು. ಹಡಗಿನ ಹುಚ್ಚು ನಾವಿಕರೆಲ್ಲ ಒಟ್ಟಿಗೆ ಕುಣಿಯೋ ಥರ ಇರುತ್ತೆ. ಹಿಂದೆ ಢಮ್ ಢಮ್ ಅಂತ ಒಂದು ಸದ್ದು ಬರುತ್ತಲ್ಲ, ಅದನ್ನ ಡ್ರಮ್ ಅಂದ್ಕೋಬೇಡಿ. ಖಾನೆಗಳಿರೋ ಮರದ ಬೀರುವಿಗೆ ದಪ್ಪ ಮರದ ತುಂಡಿನಿಂದ ಬಡಿದದ್ದು, ಹಾಡು ಮುಗಿಯೋ ಹೊತ್ತಿಗೆ ಬೀರು ಮುರಿದು ಬಿತ್ತು ಅಂತ ವೇಟ್ಸ್ ಹೇಳಿಕೊಂಡಿದ್ದಾನೆ. ಅವನ ಬಾಯಿಂದ ಬಂದ ಕಥೆ, ಕಹಿಬೇವು ಅವರು ನಂಬಲ್ಲ. ನಾನಂತೂ ನಂಬಿದ್ದೀನಿ.